ನಕ್ಷೆಯಲ್ಲಿ ಕಾಡು ಬರೆಯುವುದು ಹೇಗೆ: ಜಿಂಪ್‌ನಲ್ಲಿ ಹಂತ ಹಂತವಾಗಿ

ಹೊಸದಾಗಿ ನಕ್ಷೆ ಬರೆಯುವವರು ನದಿಯನ್ನು ಚೆನ್ನಾಗಿಯೇ ಬರೆಯುತ್ತಾರೆ. ರಸ್ತೆಯೂ ಪರವಾಗಿಲ್ಲ. ಬೆಟ್ಟವನ್ನೂ ಹೇಗೋ ನಿಲ್ಲಿಸುತ್ತಾರೆ. ಕಾಡಿನ ಹತ್ತಿರ ಬಂದ ಕೂಡಲೇ ಎಲ್ಲ ಕೆಡುತ್ತದೆ. ನನಗೆ ತೋರಿಸಲು ತಂದ ನಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡದ್ದು ಮೂರು ರೋಗ. ಮರಗಳು ಸೀರೆಯ ಬುಟ್ಟಾದ ಹಾಗೆ ಸಾಲಾಗಿ ಕೂತಿರುತ್ತವೆ. ಇಲ್ಲವೇ ಇಡೀ ಕಾಡು ಗೋಡೆಗೆ ಹಿಡಿದ ಪಾಚಿಯ ಹಾಗೆ ಕಾಣುತ್ತದೆ. ಅದೂ ಅಲ್ಲದಿದ್ದರೆ ಒಂದು ಮರದ ನೆತ್ತಿಯ ಮೇಲೆ ಇನ್ನೊಂದು ಮರದ ಬುಡ ನಿಂತಿರುತ್ತದೆ.

ಚಿತ್ರ ಬರೆಯಲು ಬಾರದ್ದಕ್ಕೆ ಹೀಗಾಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೂ ಚಿತ್ರ ಅಷ್ಟಕ್ಕಷ್ಟೆ. ಮೂರು ರೋಗಕ್ಕೂ ಬೇರು ಒಂದೇ, ಕೆಲಸದ ಕ್ರಮ ತಪ್ಪಿರುವುದು. ಯಾವ ಮರ ಮೊದಲು, ಯಾವುದು ಆಮೇಲೆ, ಯಾವ ಲೇಯರ್ (ಒಂದರ ಮೇಲೊಂದು ಇಡುವ ಪಾರದರ್ಶಕ ಪದರ) ಮೇಲೆ ಎನ್ನುವುದು ಸರಿಯಾದರೆ ಸಾಧಾರಣ ಮರಗಳಿಂದಲೂ ಒಳ್ಳೆಯ ಕಾಡು ಎದ್ದು ಬರುತ್ತದೆ.

ಉದಾಹರಣೆಗೆ ಕುದುರೆಮುಖದ ಸುತ್ತಲಿನ ಒಂದು ಚಾರಣದ ನಕ್ಷೆ ಇಟ್ಟುಕೊಳ್ಳೋಣ. ಕೊಳ್ಳಗಳಲ್ಲಿ ಶೋಲಾ ಎಂಬ ಗಿಡ್ಡ ಮರಗಳ ಒತ್ತು ಕಾಡು, ಅದರ ಮೇಲೆ ಹುಲ್ಲಿನ ಬೋಳುಗುಡ್ಡ, ತಗ್ಗಿನಲ್ಲಿ ಅಡಿಕೆ ತೋಟ, ಪಡುವಣ ಇಳಿಜಾರಿನಲ್ಲಿ ದಟ್ಟ ಕಾಡು, ಎಲ್ಲವೂ ಒಂದೇ ಹಾಳೆಯಲ್ಲಿ ಸಿಗುತ್ತವೆ. ಇದು ಬಂದವರಿಗೆ ಕಥೆಯ ನಕ್ಷೆ, ಆಟದ ನಕ್ಷೆ ಯಾವುದೂ ಕಷ್ಟ ಅಲ್ಲ.

## ಕೈಯಲ್ಲಿ ಇರಬೇಕಾದ್ದು

ಜಿಂಪ್ 2.10 ಅಥವಾ 3.0, ಚಿತ್ರ ಬರೆಯುವ, ತಿದ್ದುವ ತಂತ್ರಾಂಶ. ಎರಡರಲ್ಲೂ ಈ ಕೆಲಸ ನಡೆಯುತ್ತದೆ, ಎರಡೂ ಉಚಿತ. ಕ್ರಿಟಾ ಎಂಬ ಇನ್ನೊಂದು ಚಿತ್ರ ತಂತ್ರಾಂಶ ಬಳಸುವವರು ಇಲ್ಲಿ ಮಾಡಿದ ಬ್ರಷ್ (ಒತ್ತಿದಲ್ಲಿ ಚಿತ್ರ ಮೂಡಿಸುವ ಅಚ್ಚು) ಫೈಲನ್ನು ಅಲ್ಲಿಯೂ ತೆರೆಯಬಹುದು. ಫೋಟೋಶಾಪ್‌ನವರು ಮಾತ್ರ ಹಂತ 2 ಮತ್ತು 3ನ್ನು ಹಾಗೇ ಮಾಡಲು ಹೋಗಬೇಡಿ. ಅಲ್ಲಿನ ಬ್ರಷ್ ಬೂದು ಛಾಯೆಯ ಅಚ್ಚು. ಹಸಿರು ತಲೆ, ಕಂದು ಗೆರೆ ಎರಡನ್ನೂ ಒಟ್ಟಿಗೆ ಒತ್ತಲು ಅದಕ್ಕೆ ಆಗುವುದಿಲ್ಲ.

ಪೆನ್ ಟ್ಯಾಬ್ಲೆಟ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ನಾನು ಮೊದಲ ಎರಡು ವರ್ಷ ಮೌಸ್‌ನಲ್ಲೇ ಬರೆದೆ. ಒಂದು ಹಾಳೆ, ಒಂದು ಪೆನ್ಸಿಲ್ ಪಕ್ಕದಲ್ಲಿರಲಿ. ಆ ಊರಿನ ಕಾಡಿನ ನಾಲ್ಕು ಫೋಟೋ ಇದ್ದರೆ ಇನ್ನೂ ಒಳ್ಳೆಯದು.

## ಹಂತ 1: ಹಾಳೆಯ ಅಳತೆ, ಲೇಯರ್‌ಗಳ ಸಾಲು

ಮರ ಎಷ್ಟು ದೊಡ್ಡದಿರಬೇಕು ಎನ್ನುವುದು ಹಾಳೆಯ ಮೇಲೆ ನಿಂತಿದೆ. ಅದಕ್ಕೇ ಹಾಳೆ ಮೊದಲು.

ಎ3 ಹಾಳೆಯನ್ನು ಅಡ್ಡಲಾಗಿ, ಇಂಚಿಗೆ 300 ಪಿಕ್ಸೆಲ್‌ನಂತೆ ತೆರೆದರೆ 4961 × 3508 ಪಿಕ್ಸೆಲ್ ಬರುತ್ತದೆ. ಈ ಲೆಕ್ಕದಲ್ಲಿ ಒಂದು ಮಿಲಿಮೀಟರ್ ಅಂದರೆ ಸುಮಾರು 12 ಪಿಕ್ಸೆಲ್. ನಕ್ಷೆಯ ಮೇಲೆ ಮರ 4 ಮಿಲಿಮೀಟರ್ ಎತ್ತರ ಇದ್ದರೆ ಕಣ್ಣಿಗೆ ಹಿತ. ಅಂದರೆ ಸುಮಾರು 50 ಪಿಕ್ಸೆಲ್. ಈ 50 ನೆನಪಿರಲಿ, ಮುಂದೆಲ್ಲ ಇದೇ ಬರುತ್ತದೆ.

ಲೇಯರ್‌ಗಳನ್ನು ಕೆಳಗಿನಿಂದ ಮೇಲಕ್ಕೆ ಹೀಗೆ ಜೋಡಿಸಿ:

1. ಕಾಗದದ ಬಣ್ಣ
2. ನೆಲ, ಬೆಟ್ಟ
3. ನದಿ, ಕೆರೆ
4. ರಸ್ತೆ, ಕಾಲುದಾರಿ
5. ಕಾಡಿನ ಹಸಿರು ಛಾಯೆ
6. ಕಾಡಿನ ನೆರಳು
7. ಮರಗಳು (ಇದೊಂದು ಲೇಯರ್ ಗ್ರೂಪ್)
8. ಊರು, ಹೆಸರುಗಳು

ಹೆಸರುಗಳನ್ನು ಈಗಲೇ ಬರೆದುಬಿಡಿ. "ಕೊನೆಗೆ ಹಾಕಿದರಾಯಿತು" ಅಂತ ಬಿಟ್ಟವರು ಕೊನೆಗೆ ಬರೆದ ಮರಗಳನ್ನು ಕಡಿಯುತ್ತಾ ಕೂರುತ್ತಾರೆ. ಹೆಸರು ಎಲ್ಲಿ ಕೂರುತ್ತದೆ ಎಂದು ಗೊತ್ತಿದ್ದರೆ ಅದರ ಸುತ್ತ ಜಾಗ ಬಿಟ್ಟು ಮರ ನೆಡಬಹುದು. ಕನ್ನಡ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು ಇರುತ್ತದೆ. ಇಂಗ್ಲಿಷ್ ಹೆಸರಿಗೆ ಬಿಡುವುದಕ್ಕಿಂತ ಒಂದಿಷ್ಟು ಜಾಸ್ತಿ ಜಾಗ ಬಿಡಿ.

ಫೈಲನ್ನು ಎಕ್ಸ್‌ಸಿಎಫ್ ಆಗಿ, ಅಂದರೆ ಲೇಯರ್‌ಗಳನ್ನು ಹಾಗೇ ಇಟ್ಟುಕೊಳ್ಳುವ ಜಿಂಪ್‌ನ ಸ್ವಂತ ರೂಪದಲ್ಲಿ, ಉಳಿಸಿ. ನಾನೊಮ್ಮೆ ಮೂರು ಗಂಟೆ ಮರ ಬರೆದು ಆಮೇಲೆ ನೋಡಿದರೆ, ಎಲ್ಲವೂ ಕಾಗದದ ಲೇಯರ್ ಮೇಲೇ ಬಿದ್ದಿತ್ತು. ಒಂದು ಮರವನ್ನೂ ಸರಿಸಲು ಆಗಲಿಲ್ಲ. ಅಂದಿನಿಂದ ಕಾಗದ, ನೆಲ ಎರಡಕ್ಕೂ ಲೇಯರ್ ಪಟ್ಟಿಯಲ್ಲಿ ಲಾಕ್ ಹಾಕದೆ ಬ್ರಷ್ ಮುಟ್ಟುವುದಿಲ್ಲ.

## ಹಂತ 2: ಎಂಟು ಮರ ಬರೆಯುವುದು

ಒಂದೇ ಮರವನ್ನು ಸಾವಿರ ಸಲ ಒತ್ತಿದರೆ ಕಣ್ಣು ತಕ್ಷಣ ಹಿಡಿಯುತ್ತದೆ. ಎಂಟು ಬೇರೆ ಬೇರೆ ಮರ ಇದ್ದರೆ ಸಾಕು. ಮೂವತ್ತು ಬರೆಯುವ ಉತ್ಸಾಹ ಬೇಡ.

ಬರೆಯುವ ಮೊದಲು ಯಾವ ಮರ ಎಂದು ಯೋಚಿಸಿ. ಅಂತರ್ಜಾಲದಲ್ಲಿ ಸಿಗುವ ನಕ್ಷೆಯ ಬ್ರಷ್‌ಗಳ ತುಂಬ ಶಂಕುವಿನಾಕಾರದ ಪೈನ್ ಮರಗಳು. ಅವನ್ನು ತಂದು ಮಲೆನಾಡಿನ ಮೇಲೆ ಸುರಿದವರನ್ನು ನೋಡಿದ್ದೇನೆ. ಕೊಪ್ಪ, ಶೃಂಗೇರಿ ಕ್ರಿಸ್‌ಮಸ್ ಕಾರ್ಡಿನ ಹಾಗೆ ಕಾಣುತ್ತಿದ್ದವು! ನಮ್ಮಲ್ಲಿ ದೂರದಿಂದ ಹಾಗೆ ಚೂಪಾಗಿ ಕಾಣುವುದು ಕಡಲ ದಂಡೆಯ ಗಾಳಿಮರ ಅಷ್ಟೆ.

ಮಲೆನಾಡಿನ ನಿತ್ಯಹರಿದ್ವರ್ಣ ಕಾಡಿಗೆ ದುಂಡನೆಯ, ಉಬ್ಬು ಉಬ್ಬಾದ ತಲೆ, ಸ್ವಲ್ಪವೇ ಕಾಣುವ ಕಾಂಡ. ಶೋಲಾಕ್ಕೂ ಇದೇ ಆಕಾರ, ಆದರೆ ಗಿಡ್ಡ, ಒತ್ತೊತ್ತು. ಬಂಡೀಪುರದ ಕಡೆಯ ಎಲೆ ಉದುರುವ ಕಾಡಿಗೆ ತಲೆ ಬಿಡಿಬಿಡಿಯಾಗಿರಲಿ, ಕಾಂಡ ಅರ್ಧದಷ್ಟು ಕಾಣಲಿ. ನಡುವೆ ಒಂದೆರಡು ಬಿದಿರು ಮೆಳೆ, ಬೀಸಣಿಗೆಯ ಹಾಗೆ ಬಿಚ್ಚಿದ್ದು. ಬಯಲುಸೀಮೆಯ ಜಾಲಿಗೆ ಕೊಡೆಯಂಥ ಚಪ್ಪಟೆ ತಲೆ. ಅಘನಾಶಿನಿಯ ಅಳಿವೆ ಬರೆಯುವುದಾದರೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿಗೆ ಕಾಂಡ ಬೇಡ, ನೀರಿಗೆ ಇಳಿದ ನಾಲ್ಕು ಬೇರಿನ ಗೆರೆ ಸಾಕು.

ಈಗ ಬರೆಯೋಣ.

1. 100 × 100 ಪಿಕ್ಸೆಲ್‌ನ ಹೊಸ ಚಿತ್ರ ತೆರೆಯಿರಿ. ಅಡ್ವಾನ್ಸ್‌ಡ್ ಆಪ್ಷನ್ಸ್ ಒಳಗೆ "ಫಿಲ್ ವಿತ್" ಎಂಬಲ್ಲಿ ಟ್ರಾನ್ಸ್‌ಪರೆನ್ಸಿ ಆರಿಸಿ. ಬೂದು ಚೌಕಳಿ ಕಾಣಬೇಕು.
2. ಕೆಳ ಅಂಚಿನಿಂದ 8 ಪಿಕ್ಸೆಲ್ ಮೇಲೆ ಒಂದು ಗೈಡ್ ಗೆರೆ ಎಳೆಯಿರಿ. ಎಂಟೂ ಮರಗಳ ಬುಡ ಈ ಗೆರೆಯ ಮೇಲೇ ಇರಬೇಕು.
3. ಗಟ್ಟಿ ಅಂಚಿನ ಬ್ರಷ್‌ನಲ್ಲಿ ಮೊದಲು ತಲೆಯ ಆಕಾರವನ್ನು ಹಸಿರಿನಿಂದ ತುಂಬಿ. ಬಣ್ಣ ಪೂರ್ತಿ ಗಟ್ಟಿ ಇರಲಿ, ಒಪ್ಯಾಸಿಟಿ 100.
4. ಅದರ ಮೇಲೆ ಕಡುಕಂದಿನಲ್ಲಿ ಹೊರಗೆರೆ, 4 ಪಿಕ್ಸೆಲ್ ದಪ್ಪ. ಅಪ್ಪಟ ಕಪ್ಪು ಬೇಡ.
5. ಕಾಂಡಕ್ಕೆ ಎರಡು ಗೆರೆ. ತಲೆಯ ಬಲಗಡೆ ಕೆಳಗೆ ನಾಲ್ಕೈದು ಚಿಕ್ಕ ಗೆರೆ ಅಥವಾ ಒಂದು ಕಡು ಹಸಿರು ಪಟ್ಟಿ. ಬೆಳಕು ಎಡ ಮೇಲಿನಿಂದ ಬರುತ್ತದೆ ಅಂತ ಲೆಕ್ಕ.
6. ಹೊಸ ಲೇಯರ್, ಮುಂದಿನ ಮರ. ಎಂಟು ಆಗುವವರೆಗೆ.

ಮೂರನೆಯ ಅಂಶದಲ್ಲೇ ಜಾಸ್ತಿ ಜನ ಎಡವುತ್ತಾರೆ. ಬರೀ ಗೆರೆಯ ಮರ ಬರೆದು, ಒಳಗೆ ಬಣ್ಣ ತುಂಬದೆ ಬಿಡುತ್ತಾರೆ. ಒಂಟಿ ಮರ ಚೆನ್ನಾಗಿಯೇ ಕಾಣುತ್ತದೆ. ಹತ್ತು ಮರ ಒಂದರ ಮೇಲೊಂದು ಬಿದ್ದಾಗ ಹಿಂದಿನ ಮರದ ಗೆರೆಗಳು ಮುಂದಿನ ಮರದ ಹೊಟ್ಟೆಯೊಳಗಿಂದ ಇಣುಕುತ್ತವೆ, ಕಾಡು ತಂತಿಬಲೆ ಆಗುತ್ತದೆ. ಮುಂದಿನ ಮರ ಹಿಂದಿನದನ್ನು ಮುಚ್ಚಲೇಬೇಕು. ನಿಮಗೆ ಕಪ್ಪು ಬಿಳುಪಿನ ನಕ್ಷೆ ಬೇಕಾದರೂ ತಲೆಯೊಳಗೆ ಕಾಗದದ ಬಣ್ಣ ತುಂಬಿ, ಖಾಲಿ ಬಿಡಬೇಡಿ.

100 ಪಿಕ್ಸೆಲ್‌ನಲ್ಲಿ ಬರೆದು 50ರಲ್ಲಿ ಬಳಸುವುದಕ್ಕೂ ಕಾರಣ ಇದೆ. ಅರ್ಧಕ್ಕೆ ಇಳಿಸಿದಾಗ 4 ಪಿಕ್ಸೆಲ್ ಗೆರೆ 2 ಆಗುತ್ತದೆ. ಮುದ್ರಣದಲ್ಲಿ ಅದು 0.17 ಮಿಲಿಮೀಟರ್, ಸಣ್ಣದಾದರೂ ಸ್ಪಷ್ಟ. 400 ಪಿಕ್ಸೆಲ್‌ನಲ್ಲಿ ಅಂದವಾಗಿ ಬರೆದು 50ಕ್ಕೆ ಇಳಿಸಿದರೆ ಅದೇ ಗೆರೆ ಅರ್ಧ ಪಿಕ್ಸೆಲ್ ಆಗಿ ಮಾಯವಾಗುತ್ತದೆ. ಎಲೆ ಎಲೆ ಬರೆದ ಶ್ರಮ ಎಲ್ಲ ನೀರಿಗೆ.

## ಹಂತ 3: ಮರಗಳನ್ನು ಬ್ರಷ್ ಮಾಡುವುದು

ಎಂಟು ಲೇಯರ್‌ಗಳನ್ನು ಒಂದೇ ಬ್ರಷ್ ಆಗಿ ಉಳಿಸಿದರೆ, ಪ್ರತಿ ಸಲ ಒತ್ತಿದಾಗ ಅವುಗಳಲ್ಲಿ ಒಂದು ತಾನಾಗಿ ಬರುತ್ತದೆ. ಜಿಂಪ್‌ನಲ್ಲಿ ಇಂಥ ಫೈಲಿನ ಹೆಸರು ಜಿಐಎಚ್ ಎಂದು ಮುಗಿಯುತ್ತದೆ.

ಮೊದಲು ಎರಡು ತಪಾಸಣೆ. ಹಿಂದೆ ಬಿಳಿ ಲೇಯರ್ ಉಳಿದಿದ್ದರೆ ತೆಗೆದುಹಾಕಿ. ಪ್ರತಿ ಲೇಯರ್ ಮೇಲೂ ಲೇಯರ್ > ಲೇಯರ್ ಟು ಇಮೇಜ್ ಸೈಜ್ ಕೊಡಿ. ಬೇರೆ ಕಡೆಯಿಂದ ಪೇಸ್ಟ್ ಮಾಡಿದ ಮರದ ಲೇಯರ್ ಚಿಕ್ಕದಾಗಿರುತ್ತದೆ, ಹಾಗೇ ಬಿಟ್ಟರೆ ಬ್ರಷ್‌ನಲ್ಲಿ ಆ ಮರ ಅಡ್ಡಾದಿಡ್ಡಿ ಜಾಗದಲ್ಲಿ ಕೂರುತ್ತದೆ.

1. ಫೈಲ್ > ಎಕ್ಸ್‌ಪೋರ್ಟ್ ಆ್ಯಸ್ ಒತ್ತಿ. ಹೆಸರು ಕೊಟ್ಟು, ಚುಕ್ಕಿ ಇಟ್ಟು, ಜಿ ಐ ಎಚ್ ಅಕ್ಷರಗಳನ್ನು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ.
2. ಯಾವ ಫೋಲ್ಡರ್‌ಗೆ ಉಳಿಸಬೇಕು ಎನ್ನುವುದು ಎಡಿಟ್ > ಪ್ರಿಫರೆನ್ಸಸ್ > ಫೋಲ್ಡರ್ಸ್ > ಬ್ರಷಸ್ ಒಳಗೆ ಕಾಣುತ್ತದೆ.
3. ಸ್ಪೇಸಿಂಗ್ 60. ಎಳೆದಾಗ ಎರಡು ಮರಗಳ ನಡುವಿನ ಅಂತರ ಇದು, ಬ್ರಷ್ ಗಾತ್ರದ ಶೇಕಡಾ ಲೆಕ್ಕದಲ್ಲಿ.
4. ಸೆಲ್ ಸೈಜ್ 100 × 100, ನಂಬರ್ ಆಫ್ ಸೆಲ್ಸ್ 8.
5. ಡೈಮೆನ್ಷನ್ 1. ರ‍್ಯಾಂಕ್ಸ್‌ನ ಮೊದಲ ಪೆಟ್ಟಿಗೆಯಲ್ಲಿ 8, ಅದರ ಪಕ್ಕದಲ್ಲಿ ರ‍್ಯಾಂಡಮ್.
6. ಉಳಿಸಿ, ಬ್ರಷ್ ಪಟ್ಟಿಯಲ್ಲಿ ರಿಫ್ರೆಶ್ ಗುಂಡಿ ಒತ್ತಿ.

ಹೊಸ ಬ್ರಷ್‌ನ ಮೂಲೆಯಲ್ಲಿ ಸಣ್ಣ ಕೆಂಪು ತ್ರಿಕೋನ ಇದ್ದರೆ, ಜಿಂಪ್ ಅದನ್ನು ಹಲವು ಚಿತ್ರಗಳ ಬ್ರಷ್ ಎಂದು ಗುರುತಿಸಿದೆ ಎಂದರ್ಥ. ಒಂದೇ ಮರ ಪದೇ ಪದೇ ಬರುತ್ತಿದ್ದರೆ ಐದನೆಯ ಹೆಜ್ಜೆಗೆ ಹಿಂತಿರುಗಿ, ರ‍್ಯಾಂಕ್‌ನಲ್ಲಿ 1 ಉಳಿದಿರುತ್ತದೆ. ಮರದ ಸುತ್ತ ಬಿಳಿ ಚೌಕ ಬರುತ್ತಿದ್ದರೆ ಹಿನ್ನೆಲೆ ಪಾರದರ್ಶಕ ಆಗಿಲ್ಲ.

ಮರಗಳ ಮೂಲ ಎಕ್ಸ್‌ಸಿಎಫ್ ಫೈಲನ್ನು ಅಳಿಸಬೇಡಿ. ನಾಳೆ ಮೂರನೆಯ ಮರದ ತಲೆ ಸರಿಯಿಲ್ಲ ಅನ್ನಿಸಿದರೆ ಅಲ್ಲೇ ತಿದ್ದಿ ಮತ್ತೆ ಎಕ್ಸ್‌ಪೋರ್ಟ್ ಮಾಡಬೇಕು.

ಇದೇ ರೀತಿ ಇನ್ನೊಂದು ಬ್ರಷ್ ಮಾಡಿಟ್ಟುಕೊಳ್ಳಿ. ಕಾಂಡ ಇಲ್ಲದ, ಬರೀ ತಲೆಗಳದು. ಕಾಡಿನ ಒಳಭಾಗಕ್ಕೆ ಅದು ಬೇಕಾಗುತ್ತದೆ.

## ಹಂತ 4: ಕಾಡಿನ ಎಲ್ಲೆ

ಮರ ನೆಡುವ ಮೊದಲು ಎಲ್ಲಿಂದ ಎಲ್ಲಿಗೆ ಕಾಡು ಎಂದು ಗುರುತು ಮಾಡಿ. ಫ್ರೀ ಸೆಲೆಕ್ಟ್ ತೆಗೆದುಕೊಂಡು ಎಲ್ಲೆಯ ಸುತ್ತ ಎಳೆಯಿರಿ. ಕೈ ನಡುಗಲಿ, ಒಳ್ಳೆಯದೇ. ಆಲೂಗಡ್ಡೆಯ ಹಾಗೆ ನುಣುಪಾದ ಕಾಡು ಎಲ್ಲೂ ಇಲ್ಲ. ಹೊಳೆ ಒಳಗೆ ಚುಚ್ಚಿಕೊಂಡು ಬರುತ್ತದೆ, ಊರಿನ ಸುತ್ತ ಗದ್ದೆ ಕಾಡನ್ನು ಕಚ್ಚಿರುತ್ತದೆ, ರಸ್ತೆಯ ಇಕ್ಕೆಲದಲ್ಲಿ ಸಣ್ಣ ಖಾಲಿ ಇರುತ್ತದೆ.

ಸೆಲೆಕ್ಟ್ > ಸೇವ್ ಟು ಚಾನೆಲ್ ಕೊಟ್ಟು ಉಳಿಸಿ. ಆಮೇಲೆ 15 ಪಿಕ್ಸೆಲ್ ಫೆದರ್ ಕೊಟ್ಟು (ಅಂಚು ಮೆತ್ತಗಾಗುತ್ತದೆ), ಛಾಯೆಯ ಲೇಯರ್ ಮೇಲೆ ತಿಳಿ ಹಸಿರು ತುಂಬಿ. ಲೇಯರ್‌ನ ಮೋಡ್ ಮಲ್ಟಿಪ್ಲೈ, ಒಪ್ಯಾಸಿಟಿ 40. ಮರಗಳ ನಡುವೆ ಕಾಣುವ ನೆಲಕ್ಕೆ ಇದೇ ಬಣ್ಣ. ಇದಿಲ್ಲದಿದ್ದರೆ ಮರಗಳು ಹಪ್ಪಳದ ಮೇಲಿನ ಜೀರಿಗೆಯ ಹಾಗೆ ಬಿಡಿಯಾಗಿ ಕಾಣುತ್ತವೆ.

ಈಗ ಸೆಲೆಕ್ಟ್ > ನನ್. ಇದನ್ನು ಮರೆಯಬೇಡಿ. ಸೆಲೆಕ್ಷನ್ ಹಾಗೇ ಇಟ್ಟುಕೊಂಡು ಮರ ನೆಟ್ಟರೆ ಅಂಚಿನ ಮರಗಳು ಕತ್ತರಿಯಲ್ಲಿ ಕತ್ತರಿಸಿದಂತೆ ಅರ್ಧ ಅರ್ಧ ಆಗುತ್ತವೆ. ದೂರದಿಂದ ಗೊತ್ತಾಗುವುದಿಲ್ಲ, ಮುದ್ರಿಸಿದಾಗ ಎದ್ದು ಕಾಣುತ್ತದೆ. ಎಲ್ಲೆ ತೋರಿಸಲು ಹಸಿರು ಛಾಯೆಯೇ ಸಾಕು.

ಕುದುರೆಮುಖದಲ್ಲಿ ಇನ್ನೊಂದು ಲೆಕ್ಕ ಇದೆ. ಸರ್ವೆ ಆಫ್ ಇಂಡಿಯಾದ 1:50,000 ಹಾಳೆಯ ಅಳತೆಯಲ್ಲೇ ನೀವು ಬರೆಯುತ್ತಿದ್ದೀರಿ ಅಂದುಕೊಳ್ಳಿ. 4 ಮಿಲಿಮೀಟರ್‌ನ ಒಂದು ಮರ ಆ ಅಳತೆಯಲ್ಲಿ 200 ಮೀಟರ್ ಜಾಗ ತಿನ್ನುತ್ತದೆ. ನೂರು ಮೀಟರ್ ಅಗಲದ ಶೋಲಾ ಕೊಳ್ಳದಲ್ಲಿ ಅರ್ಧ ಮರವಷ್ಟೇ ಹಿಡಿಸುತ್ತದೆ! ಹಾಗಾಗಿ ಅಲ್ಲಿ ತೊರೆಯ ಗುಂಟ ಒಂದೇ ಸಾಲು ಮರ ಹಾಕಿ, ಗಾತ್ರ 36ಕ್ಕೆ ಇಳಿಸಿ. ಅಕ್ಕಪಕ್ಕದ ಬೋಳುಗುಡ್ಡವನ್ನು ಖಾಲಿಯೇ ಬಿಡಿ. ಖಾಲಿ ಇದೆಯಲ್ಲಾ ಅಂತ ಅಲ್ಲಿ ಎರಡು ಮರ ಉದುರಿಸುವ ಆಸೆ ಬರುತ್ತದೆ, ತಡೆದುಕೊಳ್ಳಿ. ಆ ಹುಲ್ಲಿನ ಬಯಲಿನಿಂದಲೇ ಶೋಲಾ ಶೋಲಾ ಅಂತ ಗೊತ್ತಾಗುವುದು.

## ಹಂತ 5: ಮೇಲಿನಿಂದ ಕೆಳಗೆ ನೆಡುವುದು

ಇಡೀ ಕೆಲಸದ ಜೀವ ಇಲ್ಲಿದೆ. ನಿಧಾನವಾಗಿ ಓದಿ.

ಪಕ್ಕದಿಂದ ನೋಡಿದಂತೆ ಬರೆದ ಮರಗಳಲ್ಲಿ, ಹಾಳೆಯ ಕೆಳಗಿರುವ ಮರ ನಮಗೆ ಹತ್ತಿರ, ಮೇಲಿರುವುದು ದೂರ. ಹತ್ತಿರದ್ದು ದೂರದ್ದನ್ನು ಮರೆಮಾಡಬೇಕು. ಬ್ರಷ್‌ನಲ್ಲಿ ಕೊನೆಗೆ ಒತ್ತಿದ್ದು ಮೇಲೆ ಕೂರುತ್ತದೆ. ಆದ್ದರಿಂದ ಯಾವಾಗಲೂ ಮೇಲಿನ ಅಂಚಿನಿಂದ ಶುರು, ಕೆಳಗಿನ ಅಂಚಿಗೆ ಮುಕ್ತಾಯ. ಕೆಳಗಿನಿಂದ ಮೇಲೆ ಹೋದರೆ ಪ್ರತಿ ಮರವೂ ಮುಂದಿನವನ ತಲೆ ಮೇಲೆ ಹತ್ತಿ ನಿಲ್ಲುತ್ತದೆ.

ಬ್ರಷ್‌ನ ಸಿದ್ಧತೆ ಹೀಗೆ: ಪೇಂಟ್‌ಬ್ರಷ್, ಗಾತ್ರ 50, ಒಪ್ಯಾಸಿಟಿ 100, ಹಾರ್ಡ್‌ನೆಸ್ 100, ಡೈನಾಮಿಕ್ಸ್ ಆಫ್, ಅಪ್ಲೈ ಜಿಟರ್ (ಮರಗಳನ್ನು ಸ್ವಲ್ಪ ಅತ್ತಿತ್ತ ಚೆದುರಿಸುವುದು) ಆನ್, ಅಮೌಂಟ್ ಸುಮಾರು 0.5. ಟ್ಯಾಬ್ಲೆಟ್ ಇರುವವರು ಡೈನಾಮಿಕ್ಸ್ ಆಫ್ ಮಾಡದೆ ಬಿಟ್ಟರೆ ಕೈ ಒತ್ತಿದಂತೆಲ್ಲ ಮರ ಉಬ್ಬುತ್ತಾ ಕುಗ್ಗುತ್ತಾ ಹೋಗುತ್ತದೆ.

1. ಮರಗಳ ಗ್ರೂಪ್ ಒಳಗೆ "ಕಾಡು 1" ಎಂಬ ಲೇಯರ್ ಮಾಡಿ. ಕಾಡಿನ ಮೇಲಿನ ಅಂಚಿನಲ್ಲಿ, ಅಂದರೆ ಉತ್ತರದ ಅಂಚಿನಲ್ಲಿ, ಒಂದೊಂದೇ ಒತ್ತುತ್ತಾ ಮೊದಲ ಸಾಲು ಹಾಕಿ. ಎಳೆಯಬೇಡಿ. ಕೆಲವು ಒತ್ತಾಗಿ, ಕೆಲವು ದೂರ.
2. 25 ಪಿಕ್ಸೆಲ್ ಕೆಳಗೆ ಬನ್ನಿ, ಅಂದರೆ ಮರದ ಅರ್ಧ ಎತ್ತರ. ಎರಡನೆಯ ಸಾಲು. ಮೇಲಿನ ಸಾಲಿನ ಕಾಂಡಗಳು ಮುಚ್ಚಿಹೋಗಬೇಕು, ತಲೆಗಳು ಮಾತ್ರ ಇಣುಕಬೇಕು.
3. ನಾಲ್ಕೈದು ಸಾಲು ಆದ ಮೇಲೆ ಅದರ ಮೇಲೆ ಹೊಸ ಲೇಯರ್, "ಕಾಡು 2". ಹೀಗೇ ಮುಂದುವರಿಸಿ.
4. ಒಳಭಾಗಕ್ಕೆ ಬಂದಾಗ ತಲೆಗಳ ಬ್ರಷ್‌ಗೆ ಬದಲಿಸಿ, ಎಳೆಯುತ್ತಾ ಹೋಗಿ. ನೇರವಾಗಿ ಅಲ್ಲ, ಹಾವಿನ ಹಾಗೆ ಸ್ವಲ್ಪ ಏರಿಳಿಯುತ್ತಾ.
5. ಕೊನೆಯ ಎರಡು ಸಾಲು, ಅಂದರೆ ದಕ್ಷಿಣದ ಅಂಚು, ಮತ್ತೆ ಕಾಂಡ ಇರುವ ಬ್ರಷ್‌ನಲ್ಲಿ, ಒಂದೊಂದಾಗಿ. ನೋಡುವವರ ಕಣ್ಣು ಮೊದಲು ಇಲ್ಲಿಗೇ ಬೀಳುತ್ತದೆ.
6. ಎಲ್ಲೆಯ ಹೊರಗೆ ಐದಾರು ಒಂಟಿ ಮರ, ಒಂದೆರಡು ಕಡೆ ಮೂರರ ಗುಂಪು.

ಲೇಯರ್‌ಗಳನ್ನು ಪಟ್ಟಿ ಪಟ್ಟಿಯಾಗಿ ಮಾಡಿದ್ದು ಯಾಕೆ ಅಂದರೆ, ನಡುವೆ ಎಲ್ಲೋ ಖಾಲಿ ಉಳಿದದ್ದು ಆಮೇಲೆ ಕಣ್ಣಿಗೆ ಬೀಳುತ್ತದೆ. ಎಲ್ಲ ಒಂದೇ ಲೇಯರ್‌ನಲ್ಲಿದ್ದರೆ ಆ ಖಾಲಿ ತುಂಬಲು ಹಾಕಿದ ಮರ ಮುಂದಿನ ಮರಗಳ ನೆತ್ತಿ ಮೇಲೆ ನಿಲ್ಲುತ್ತದೆ. ಪಟ್ಟಿಗಳಿದ್ದರೆ ಎರಡರ ನಡುವೆ ಹೊಸ ಲೇಯರ್ ತೂರಿಸಿ ಅಲ್ಲಿ ನೆಡಬಹುದು.

ಒಳಭಾಗವನ್ನು ಬೇಗ ಎಳೆದು ಮುಗಿಸಿ ಅಂದದ್ದಕ್ಕೂ ಲೆಕ್ಕ ಇದೆ. 2000 ಪಿಕ್ಸೆಲ್ ಅಗಲ, 1000 ಪಿಕ್ಸೆಲ್ ಎತ್ತರದ ಕಾಡಿಗೆ 30 ಪಿಕ್ಸೆಲ್‌ಗೆ ಒಂದು ಮರ, 25ಕ್ಕೆ ಒಂದು ಸಾಲು ಅಂದರೆ ಎರಡೂವರೆ ಸಾವಿರಕ್ಕಿಂತ ಜಾಸ್ತಿ ಮರ. ಒಂದೊಂದೇ ಒತ್ತಲು ಹೋದರೆ ನೂರನೆಯ ಮರಕ್ಕೆ ಕೈ ಯಂತ್ರ ಆಗುತ್ತದೆ, ಮರಗಳು ತಾವಾಗಿ ಸಾಲು ಹಿಡಿಯುತ್ತವೆ. ಬುಟ್ಟಾ ಸೀರೆ ಹುಟ್ಟುವುದು ಹೀಗೆ. ಅಂಚಿಗೆ ಕೈ, ಒಳಗೆ ಬ್ರಷ್.

ಗಾತ್ರವನ್ನು ಆಗಾಗ 44ರಿಂದ 56ರ ನಡುವೆ ಬದಲಿಸಿ. ಆದರೆ ಉತ್ತರದ ಮರ ಚಿಕ್ಕದು, ದಕ್ಷಿಣದ್ದು ದೊಡ್ಡದು ಅಂತ ಮಾಡಬೇಡಿ. ಅದು ಬೆಟ್ಟದ ತುದಿಯಿಂದ ತೆಗೆದ ಫೋಟೋದ ಲೆಕ್ಕ. ನಕ್ಷೆಯಲ್ಲಿ ಎಲ್ಲ ಕಡೆ ಅಳತೆ ಒಂದೇ.

ದಟ್ಟಣೆ ಬದಲಾಗುವುದು ಅಡ್ಡಲಾಗಿ. ಘಟ್ಟದ ಪಡುವಣ ಮೈಗೆ ಮಳೆ ಜಾಸ್ತಿ, ಕಾಡು ಒತ್ತು. ಮೂಡಣಕ್ಕೆ ಹೋದಂತೆ ಮಳೆ ಇಳಿಯುತ್ತದೆ, ಎಲೆ ಉದುರುವ ಕಾಡು ಬರುತ್ತದೆ, ಆಮೇಲೆ ಕುರುಚಲು. ನಿಮ್ಮ ನಕ್ಷೆ ಮೂಡಣಕ್ಕೆ ಅಷ್ಟು ಉದ್ದ ಚಾಚಿದ್ದರೆ ಸ್ಪೇಸಿಂಗನ್ನು 60ರಿಂದ 90, 140 ಹೀಗೆ ಏರಿಸುತ್ತಾ ಹೋಗಿ.

ತಪ್ಪಿ ಬಿದ್ದ ಮರವನ್ನು ಮೆತ್ತನೆಯ ಇರೇಸರ್‌ನಿಂದ ಉಜ್ಜಬೇಡಿ. ಅರ್ಧ ಮಾಸಿದ ಮರದ ದೆವ್ವ ಉಳಿಯುತ್ತದೆ. ಕಂಟ್ರೋಲ್ ಝಡ್ ಒತ್ತಿ, ಇಲ್ಲವೇ ಗಟ್ಟಿ ಅಂಚಿನ ಇರೇಸರ್‌ನಲ್ಲಿ ಇಡೀ ಮರ ತೆಗೆಯಿರಿ.

## ಹಂತ 6: ಹೊಳೆ, ದಾರಿ, ತೋಟ

ತುಂಗಾ, ಭದ್ರಾ ಎರಡೂ ಹುಟ್ಟುವುದು ಈ ಗುಡ್ಡಗಳಲ್ಲೇ, ಗಂಗಾಮೂಲದಲ್ಲಿ. ಅಲ್ಲಿ ಹೊಳೆಯೆಂದರೆ ನಕ್ಷೆಯ ಮೇಲೆ 4 ಪಿಕ್ಸೆಲ್‌ನ ಗೆರೆ. ಎರಡು ತಪ್ಪು ಮರ ಸಾಕು, ಹೊಳೆ ಕಾಣೆ.

ಹೊಳೆಯ ಎರಡು ದಡಕ್ಕೂ ಒಂದೇ ಅಂತರ ಬಿಡುವುದು ಸರಿ ಅಲ್ಲ. ಹೊಳೆ ಅಡ್ಡ ಹರಿಯುತ್ತಿದೆ ಅಂದುಕೊಳ್ಳಿ. ಉತ್ತರ ದಡದ ಮರದ ಬುಡವನ್ನು ನೀರಿನ ಅಂಚಿಗೇ ತರಬಹುದು, ಅದರ ತಲೆ ಮೇಲಕ್ಕೆ, ನೀರಿನಿಂದ ದೂರಕ್ಕೆ ಹೋಗುತ್ತದೆ. ದಕ್ಷಿಣ ದಡದ ಮರದ ತಲೆ ಮಾತ್ರ ಮೇಲಕ್ಕೆ, ನೀರಿನ ಮೇಲೆಯೇ ಬರುತ್ತದೆ. ಹಾಗಾಗಿ ದಕ್ಷಿಣ ದಡದಲ್ಲಿ ಮರದ ಪೂರ್ತಿ ಎತ್ತರದಷ್ಟು, 50 ಪಿಕ್ಸೆಲ್, ಬಿಟ್ಟು ಬುಡ ಇಡಿ. ಚಾರಣದ ದಾರಿಗೂ ಇದೇ ನಿಯಮ. ಮೇಲೆ ಕೆಳಗೆ ಹರಿಯುವ ಹೊಳೆಗೆ ಎರಡೂ ಕಡೆ ಅರ್ಧ ಮರದಗಲ ಸಾಕು.

ಅಡಿಕೆ ತೋಟವನ್ನು ಕಾಡಿನ ಬ್ರಷ್‌ನಲ್ಲಿ ಬರೆದರೆ ಮಲೆನಾಡಿನವರು ನಗುತ್ತಾರೆ. ಬುಟ್ಟಾ ಸಾಲು ಬೇಕಾದ್ದು ಇಲ್ಲಿ! ಸಣ್ಣ ನೇರ ಕಾಂಡ, ಮೇಲೆ ನಾಲ್ಕು ಗರಿ, ಸಮ ಅಂತರದ ಸಾಲು. ಜಿಟರ್ ಆಫ್ ಮಾಡಿ. ಒಂದು ಕಡೆ ಒತ್ತಿ, ಶಿಫ್ಟ್ ಹಿಡಿದು ಇನ್ನೊಂದು ಕಡೆ ಒತ್ತಿದರೆ ನಡುವೆ ನೇರ ಸಾಲು ಬರುತ್ತದೆ. ಕೊಳ್ಳದ ತಗ್ಗಿನಲ್ಲಿ, ನೀರಿನ ಪಕ್ಕದಲ್ಲಿ ಹಾಕಿ. ಗುಡ್ಡದ ತುದಿಯಲ್ಲಿ ಅಡಿಕೆ ಬೆಳೆಸಬೇಡಿ.

## ಹಂತ 7: ನೆರಳು ಮತ್ತು ಬಣ್ಣ

ಫಿಲ್ಟರ್ಸ್ ಒಳಗೆ ಡ್ರಾಪ್ ಶ್ಯಾಡೋ ಕಂಡ ಕೂಡಲೇ ಒತ್ತುವವರಿದ್ದಾರೆ. ಇಲ್ಲಿ ಬೇಡ. ಮರದ ಆಕಾರದ್ದೇ ನೆರಳು ಪಕ್ಕಕ್ಕೆ ಸರಿದು ಬಿದ್ದಾಗ, ಮರಗಳು ನೆಲದಿಂದ ಒಂದಡಿ ಮೇಲೆ ತೇಲುವ ಸ್ಟಿಕ್ಕರ್‌ಗಳ ಹಾಗೆ ಕಾಣುತ್ತವೆ.

ನೆರಳನ್ನು ಕೈಯಲ್ಲೇ ಹಾಕಿ. ಮರಗಳ ಕೆಳಗಿನ ನೆರಳಿನ ಲೇಯರ್‌ಗೆ ಮೋಡ್ ಮಲ್ಟಿಪ್ಲೈ, ಒಪ್ಯಾಸಿಟಿ 35. ಬಣ್ಣ ಕಂದು ಬೆರೆತ ಕಡು ಹಸಿರು. ಮೆತ್ತನೆಯ ಬ್ರಷ್, ಗಾತ್ರ 40. ಕಾಡಿನ ದಕ್ಷಿಣ ಮತ್ತು ಮೂಡಣ ಅಂಚಿನ ಗುಂಟ ಮಾತ್ರ ಒಮ್ಮೆ ಎಳೆಯಿರಿ. ಬೆಟ್ಟದ ನೆರಳೂ ಅದೇ ಕಡೆ ಬಿದ್ದಿದೆಯೇ ನೋಡಿ. ಬೆಟ್ಟಕ್ಕೆ ಎಡದಿಂದ, ಮರಕ್ಕೆ ಬಲದಿಂದ ಬೆಳಕು ಬಂದರೆ ಏನೋ ಸರಿಯಿಲ್ಲ ಅಂತ ಎಲ್ಲರಿಗೂ ಅನ್ನಿಸುತ್ತದೆ, ಏನೆಂದು ಯಾರಿಗೂ ಹೇಳಲು ಬರುವುದಿಲ್ಲ.

ಬಣ್ಣದ ಏರಿಳಿತ ಬೇಕಾದರೆ ಮರಗಳ ಗ್ರೂಪ್ ಮೇಲೆ ಬಲಕ್ಲಿಕ್ ಮಾಡಿ, ಆಲ್ಫಾ ಟು ಸೆಲೆಕ್ಷನ್ ಕೊಡಿ. ಅದರ ಮೇಲೆ ಹೊಸ ಲೇಯರ್, ಮೋಡ್ ಸಾಫ್ಟ್ ಲೈಟ್, ಒಪ್ಯಾಸಿಟಿ 25. 600 ಪಿಕ್ಸೆಲ್‌ನ ಮೆತ್ತನೆಯ ಬ್ರಷ್‌ನಲ್ಲಿ ಕೆಲವು ಕಡೆ ಹಳದಿ ಹಸಿರು, ಕೆಲವು ಕಡೆ ನೀಲಿ ಹಸಿರು ಸವರಿ. ಎರಡು ನಿಮಿಷದ ಕೆಲಸ. ಹತ್ತು ನಿಮಿಷ ಆಗುತ್ತಿದೆ ಅಂದರೆ ಜಾಸ್ತಿ ಮಾಡುತ್ತಿದ್ದೀರಿ.

ನೇರ ಮೇಲಿನಿಂದ ನೋಡಿದಂಥ ನಕ್ಷೆ, ಉದಾಹರಣೆಗೆ ತೋಟದ ಮನೆಯ ಪ್ಲಾನ್ ಅಥವಾ ಬೋರ್ಡ್ ಆಟದ ಹಾಳೆ ಆದರೆ ಲೆಕ್ಕ ಬೇರೆ. ಅಲ್ಲಿ ಮರ ಅಂದರೆ ಅಂಕುಡೊಂಕು ಅಂಚಿನ ದುಂಡು. ಮೇಲೆ ಕೆಳಗೆ ಎನ್ನುವ ಕ್ರಮ ಇಲ್ಲ. ಸಣ್ಣ ಪೊದೆ ಮೊದಲು, ದೊಡ್ಡ ಮರ ಕೊನೆಗೆ. ಡ್ರಾಪ್ ಶ್ಯಾಡೋ ಅಲ್ಲಿ ಧಾರಾಳವಾಗಿ ಬಳಸಿ.

## ಹಂತ 8: ಮುದ್ರಣಕ್ಕೆ ಮೊದಲು

ನಕ್ಷೆಯನ್ನು ಪರದೆಯ ಮೇಲೆ ಶೇಕಡಾ 25ಕ್ಕೆ ಇಳಿಸಿ ನೋಡಿ. ಕಾಡು ಒಂದೇ ಮೈಯಾಗಿ ಕಾಣಬೇಕು. ಚುಕ್ಕಿ ಚುಕ್ಕಿ ಕಂಡರೆ ಛಾಯೆಯ ಲೇಯರ್ ತೆಳುವಾಯಿತು. ಕಪ್ಪು ಮುದ್ದೆ ಕಂಡರೆ ಗೆರೆ ಜಾಸ್ತಿ ಆಯಿತು, ಒಳಭಾಗದ ಮರಗಳನ್ನು ಕಡಿಮೆ ಮಾಡಿ. ಆಮೇಲೆ ಶೇಕಡಾ 100ಕ್ಕೆ ಬಂದು ದಕ್ಷಿಣ ಅಂಚಿನ ಗುಂಟ ನಿಧಾನವಾಗಿ ಸರಿಯಿರಿ. ಅರ್ಧ ಕತ್ತರಿಸಿದ ಮರ, ತಲೆ ಮೇಲೆ ನಿಂತ ಮರ, ಹೊಳೆಯಲ್ಲಿ ಬಿದ್ದ ಮರ ಎಲ್ಲ ಇಲ್ಲೇ ಸಿಗುತ್ತವೆ.

ಪಿಎನ್‌ಜಿ ಆಗಿ ಎಕ್ಸ್‌ಪೋರ್ಟ್ ಮಾಡಿ. ಜೆಪೆಗ್‌ನಲ್ಲಿ ಸಣ್ಣ ಗೆರೆಗಳ ಸುತ್ತ ಕೊಳೆ ಕೂರುತ್ತದೆ.

ಪೂರ್ತಿ ಎ3 ಮುದ್ರಿಸುವ ಮೊದಲು ಕಾಡು ಹೆಚ್ಚಿರುವ ಒಂದು ಎ4 ಭಾಗವನ್ನು ಕತ್ತರಿಸಿ, ಅಳತೆ ಬದಲಿಸದೆ, ಮುದ್ರಿಸಿ ನೋಡಿ. ಒಂದು ಚಾರಣದ ತಂಡಕ್ಕೆ ನಾನು ಮಾಡಿಕೊಟ್ಟ ಮೊದಲ ನಕ್ಷೆಯಲ್ಲಿ ಈ ಹೆಜ್ಜೆ ಬಿಟ್ಟಿದ್ದೆ. ಪರದೆಯ ಮೇಲೆ ಹಸಿರಾಗಿದ್ದ ಕಾಡು ನಲವತ್ತು ಪ್ರತಿಗಳಲ್ಲೂ ಇದ್ದಿಲಿನ ಹಾಗೆ ಬಂತು. ಅಂಗಡಿಯವನ ತಪ್ಪೇನೂ ಇರಲಿಲ್ಲ. ನನ್ನ ಪರದೆಯ ಬೆಳಕು ತುದಿಗೆ ಏರಿಸಿಟ್ಟಿದ್ದೆ, ಹಾಗಾಗಿ ಕಡು ಹಸಿರೆಲ್ಲ ತಿಳಿಯಾಗಿ ಕಂಡಿತ್ತು. ಈಗ ಮರದ ತಲೆಗೆ ಪರದೆಯಲ್ಲಿ ಚೆಂದ ಕಾಣುವ ಹಸಿರಿಗಿಂತ ಒಂದು ಮೆಟ್ಟಿಲು ತಿಳಿಯಾದದ್ದನ್ನೇ ಬಳಸುತ್ತೇನೆ, ಎ4 ತುಂಡು ಕೈಗೆ ಬರುವವರೆಗೆ ಉಳಿದದ್ದಕ್ಕೆ ಹಣ ಕೊಡುವುದಿಲ್ಲ.